ನಿನ್ನೆ ರಾತ್ರಿ ಮಾತಾಯಿತಲ್ಲ

ಹಿಗಾಶಿ ಒಸಾಕಾದಲ್ಲಿ ಅಪ್ಪ ಬಿಟ್ಟುಹೋದದ್ದು
ಸ್ಪ್ರಿಂಗು ಸುತ್ತುವ ಮೂರು ಯಂತ್ರ, ಐವರು ಕೆಲಸದವರು,
ಬ್ಯಾಂಕಿನ ಸಾಲ, ಮತ್ತೆ
ವ್ಯಾಪಾರಿಗಳ ಸಂಘದಲ್ಲಿ ಒಂದು ಕುರ್ಚಿ.
ಆ ಕುರ್ಚಿ ಸಂಜೆ ಆರರವರೆಗೆ ಮಾತ್ರ ನನ್ನದು
ಅಂತ ಯಾರೂ ಹೇಳಿರಲಿಲ್ಲ.

ಆರಕ್ಕೆ ಸಭೆ ಮುಗಿಯುತ್ತದೆ. ಆಮೇಲೆ ಶುರು.

ಮೊದಲ ಸುತ್ತು ಕೋಳಿ ಸುಡುವ ಅಂಗಡಿ.
ಹೊಗೆ, ಬಿಯರು, ಸಡಿಲವಾಗುವ ಟೈಗಳು.
ಅಧ್ಯಕ್ಷರ ಪಕ್ಕದಲ್ಲೇ ಕೂರಿಸಿದರು. ಗೌರವ ಅಂದುಕೊಂಡೆ,
ಬಾಟಲಿ ನನ್ನ ಕೈಗೆ ಬರುವ ತನಕ.
ಎರಡೂ ಕೈಯಲ್ಲಿ ಹಿಡಿದು ಕಾರ್ಡು ಕೊಟ್ಟೆ.
‘ಓಹೋ, ತೊಕುನಾಗಾ ಅವರ ಮಗಳು!’
ಕಾರ್ಡಿನಲ್ಲಿ ಮಗಳು ಅಂತ ಎಲ್ಲೂ ಅಚ್ಚಾಗಿಲ್ಲ.

ಎರಡನೆಯ ಸುತ್ತು ಮಿತ್ಸುಯೊಳ ಬಾರು:
ಹನ್ನೊಂದು ಸ್ಟೂಲು, ಒಂದು ಮೈಕು,
ಒಂದೇ ಹಾಡನ್ನು ಮೂವರು ಅತ್ತುಕೊಂಡು ಹಾಡುವ ಜಾಗ.
ಕೇಳದೆಯೇ ನನ್ನ ಮುಂದೆ ಲೋಟ ಇಟ್ಟಳು:
ವಿಸ್ಕಿಯ ಬಣ್ಣದ ತಣ್ಣನೆ ಊಲಾಂಗ್ ಚಹಾ, ಒಂದು ತುಂಡು ಐಸು.
ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ.
ಬಿಲ್ಲಿನಲ್ಲಿ ಮಾತ್ರ ವಿಸ್ಕಿಯದೇ ದರ ಹಾಕಿದ್ದಳು, ಕಳ್ಳಿ.

ಹನ್ನೊಂದು ಐವತ್ತೆರಡಕ್ಕೆ ಕಡೆಯ ರೈಲು.
ಪಕ್ಕದ ಮನೆಯವರ ಸೋಫಾದಲ್ಲಿ ನಾಗಿಸಾ ಮಲಗಿರುತ್ತಾಳೆ,
ಜ್ವರದ ಪಟ್ಟಿ ಹಣೆಯಿಂದ ಜಾರಿ ಕೆನ್ನೆಗೆ ಅಂಟಿ.
ಮೂರನೆಯ ಸುತ್ತು ಎಲ್ಲಿ ನಡೆಯುತ್ತದೋ ನನಗೆ ಗೊತ್ತಿಲ್ಲ.
ಬೆಳಿಗ್ಗೆ ಫೋನಿನಲ್ಲಿ ಕುರಾಮೊಚಿ, ಪಂಪು ಕಂಪನಿಯ ಖರೀದಿಯವರು:
‘ಆ ಆರ್ಡರಾ? ಇಶಿಗೊಓಕಾ ಅವರಿಗೆ.
ನಿನ್ನೆ ರಾತ್ರಿ ಮಾತಾಯಿತಲ್ಲ.’

ಆ ‘ಅಲ್ಲ’ ಇಡೀ ವಾರ ಕಿವಿಯಲ್ಲಿ ಉಳಿಯಿತು.
ತಂತಿ ತುಂಡಾದಾಗ ಯಂತ್ರ ಮಾಡುವ ಸದ್ದಿನ ಹಾಗೆ.

ಮಧ್ಯಾಹ್ನ ಮೂರಕ್ಕೆ ಬೀದಿಯ ಸ್ನಾನದ ಮನೆ ಬಾಗಿಲು ತೆರೆಯುತ್ತದೆ.
ಆ ಹೊತ್ತಿಗೆ ಬರುವವರು ಮುದುಕಿಯರು, ಬಾರಿನ ಒಡತಿಯರು,
ಅವತ್ತು ನಾನು.
ಮಿತ್ಸುಯೊ ಕುತ್ತಿಗೆವರೆಗೆ ಬಿಸಿನೀರಿನಲ್ಲಿದ್ದಳು.
ಬಣ್ಣವಿಲ್ಲದ ಮುಖ, ಮೊಣಕಾಲಿಗೆ ಆಪರೇಶನ್ನಿನ ಹೊಲಿಗೆ.
ಕಾರ್ಡು ಕೊಡೋಣವೆಂದರೆ ಇಬ್ಬರಿಗೂ ಜೇಬಿಲ್ಲ.

‘ಅವರು ಏನು ಮಾತಾಡಿದರು ಅಂತ ಕೇಳಬೇಡ.
ಅಂಗಡಿಯ ಮಾತು ಹೊಸ್ತಿಲು ದಾಟಿದರೆ ನನ್ನ ಅನ್ನ ಹೋಯಿತು.’
ನಾನು ಕೇಳಲಿಲ್ಲ. ಕೇಳಬೇಕೆನಿಸಿತ್ತು, ಸುಳ್ಳೇಕೆ.
‘ನಲವತ್ತೊಂದು ವರ್ಷ ಅವರಿಗೆ ಸುರಿದೆ.
ಸಂಘಕ್ಕೆ ನಾನೂ ಸೇರಲೇ ಅಂದದ್ದಕ್ಕೆ
ಹೊಟ್ಟೆ ಹಿಡಿದು ನಕ್ಕರು, ಇನ್ನೊಂದು ಲೋಟ ಕೇಳಿದರು.’
ನೀರು ಸ್ವಲ್ಪ ಅಲುಗಿತು.
‘ಸ್ಟೂಲುಗಳ ಒಳಗಿನ ಸ್ಪ್ರಿಂಗು ಸತ್ತಿವೆ. ಹನ್ನೊಂದಕ್ಕೆ ಎಷ್ಟು?’

ಆವಿ ಕಟ್ಟಿದ ಕನ್ನಡಿಯ ಮೇಲೆ ಬೆರಳಲ್ಲಿ ಬರೆದೆ.
ಚೌಕಾಸಿ ಮಾಡಿದಳು. ಇಳಿಸಲಿಲ್ಲ.
ಮತ್ತೆ ಮಾಡಿದಳು. ತುಸು ಇಳಿಸಿದೆ.
ಅಂಕಿ ಬೆವತು ಕೆಳಗೆ ಹರಿಯಿತು.
‘ತಿರುಗು’ ಅಂದಳು, ನನ್ನ ಬೆನ್ನು ಉಜ್ಜಿದಳು,
ಕರಾರಿಗೆ ಸಹಿ ಹಾಕುವವರಂತೆ, ಒತ್ತಿ.

ಗುರುವಾರ ನಾನೇ ಮಂಡಿಯೂರಿ ಸ್ಪ್ರಿಂಗು ಕೂರಿಸಿದೆ.
ತೊಂಬತ್ತು ಕಿಲೋ ಕೂತರೆ ಹದಿನೆಂಟು ಮಿಲಿಮೀಟರು ಇಳಿಯುತ್ತದೆ.
ಯಾರು ಎಷ್ಟು ತೂಕ ಅಂತ ಈಗ ನನಗೆ ಗೊತ್ತು.
ಪಂಪಿನ ಆರ್ಡರು ವಾಪಸು ಬರಲಿಲ್ಲ, ಬರುವುದೂ ಇಲ್ಲ.

ಮುಂದಿನ ಸಭೆ.
ಆರಕ್ಕೆ ಹತ್ತು ನಿಮಿಷವಿರುವಾಗ
ಮಿತ್ಸುಯೊಳ ಅರ್ಜಿಯನ್ನು ಕುರಾಮೊಚಿ ಮುಂದೆ ಇಟ್ಟೆ.
ಸೂಚಿಸುವವರು: ತೊಕುನಾಗಾ ಚಿಗುಸಾ, ಕೆಂಪು ಮುದ್ರೆ.
ಅನುಮೋದಿಸುವವರು: ಖಾಲಿ.
‘ಹ್ಞಾ, ಇದು... ರಾತ್ರಿ ಮಾತಾಡೋಣ.’
‘ಈಗ ಹೇಳಿ’ ಅಂದೆ.
ಟ್ಯೂಬ್‌ಲೈಟು ಗುಂಯ್‌ಗುಡುತ್ತಿತ್ತು. ಯಾರೋ ಕುರ್ಚಿ ಸರಿಸಿದರು.
ಅವರ ಕೈ ಕೋಟಿನ ಒಳಜೇಬಿಗೆ ಹೋಯಿತು,
ಸಿಗರೇಟಿಗೋ
ಮುದ್ರೆಗೋ.