ಮೀಟರ್ ಓದುವಾಕಿಗೆ

ಮೊದಲ ಇದು ಕೇಳು, ಶಿವಲೀಲಾ:
ಕಲಬುರಗಿಯಾಗ ಬೀದಿಗೆ ಎಡ ಬಲ ಇಲ್ಲ,
ಬಿಸಲಿನ ಬಾಜು ಒಂದು, ನೆಳ್ಳಿನ ಬಾಜು ಒಂದು.
ಮುಂಜಾನೆ ಮೂಡಣ ಮಗ್ಗಲಿನ ಗ್ವಾಡಿ ಹಿಡದು ನಡಿ.
ಹನ್ನೆರಡಕ್ಕ ನೆಳ್ಳು ಬಂದು ಕಾಲಾಗ ಸಾಯ್ತದ,
ಆಗ ನಡೀಬ್ಯಾಡ. ಯಾರರ ಜೀನಾದ ಕೆಳಗ ಕುಂದ್ರು,
ಪರಸಿ ತಂಪಿರ್ತದ.
ಕೊಳ್ಳಾಗಿನ ಕಾರ್ಡ್ ನೋಡಿ
ಕೇಳೋಕಿಂತ ಮೊದಲೇ ತಂಬಗಿ ಬರ್ತದ. ಕುಡಿ.
ಆದರ ಗ್ವಾಡಿಗೆ ಸಾಲಿಟ್ಟ ಕೊಡ ಒಮ್ಮೆ ಎಣಿಸು,
ಎಷ್ಟು ದಿನಕ್ಕ ನಳ ಬರ್ತದ ಅಂತ ತಿಳೀತದ.
ಎರಡನೇ ತಂಬಗಿ ಕೇಳಬ್ಯಾಡ.

ಒದರೋ ನಾಯಿ ಕಚ್ಚಂಗಿಲ್ಲ ಅಂತಾರ.
ಸುಳ್ಳು. ಎಂ.ಎಸ್.ಕೆ. ಮಿಲ್ ಕಡೀದೊಂದು
ಒದರಕೋಂತೇ ಕಚ್ಚಿತು ನನಗ.
ಚೀಲದಾಗ ಬಿಸ್ಕಿಟ್ ಇಟ್ಕೋ, ನಾಯಿಗೆ ಅಂತ.
ಬಹಳ ದಿನ ಅದನ್ನ ನೀನೇ ತಿಂತಿ,
ಮೂರು ಗಂಟೆ ಸುಮಾರು, ಯಾವುದೋ ಗೇಟಿನ ಹೊರಗ ನಿಂತು.

ಟಂಟಂದಾಗ ಹತ್ತೋಕಿಂತ ಮೊದಲೇ
ಚಿಲ್ಲರ ಮುಷ್ಟ್ಯಾಗಿರಲಿ.
ಜಗತ್ ಸರ್ಕಲಿಗೆ ಇಳೀಬೇಕಂದ್ರ
ಸೂಪರ್ ಮಾರ್ಕೆಟಿನಾಗೇ ಒದರು,
ಅವನ ಹಾಡು ಜೋರಿರ್ತದ.

ದರ್ಗಾ ಕಡಿ ಹೋದ್ರ “ಆಪಾ, ಮೀಟರ್” ಅನ್ನು,
ಗಂಜಿನಾಗ “ಸಾವಕಾರ್ರ” ಅನ್ನು, ಒಂದು ಘಳಿಗಿ ಕಾಯು,
ಅಲ್ಲಿ ತೊಗರಿ ಧೂಳಿಗೆ ಅಂಕಿ ಕಾಣಂಗಿಲ್ಲ,
ಸೆರಗಿಲೆ ಗಾಜು ಒರಸು.
ರಿಂಗ್ ರೋಡಿನ ಅಪಾರ್ಟ್‌ಮೆಂಟಿನಾಗ ಮಾತೇ ಬ್ಯಾಡ,
ಕೆಳಗ ಒಂದೇ ಗ್ವಾಡಿಗೆ ಇಪ್ಪತ್ನಾಕು ಮೀಟರ್.
ಹತ್ತು ಮಿನಿಟಿನ ಕೆಲಸ. ಒಬ್ಬರ ಮಾರಿ ಕಾಣಂಗಿಲ್ಲ.
ನನಗ ಆ ದಿನ ಛಲೋ ಅನಸಂಗಿಲ್ಲ. ನಿನಗ ಅನ್ನಸಬಹುದು.

ಈಗ ಖರೇ ಕೆಲಸ.
ಮೂರು ತಿಂಗಳ ಓದಿದ್ರ ಅಂಕಿ ತಾವೇ ಮಾತಾಡ್ತಾವ.
ಯಾವ ಮನಿಗೆ ಕೂಲರ್ ಬಂತು,
ಯಾವ ಮಗಳು ಬಾಣಂತನಕ್ಕ ಬಂದಾಳ,
ರಾತ್ರಿ ಪೂರಾ ದೀಪ ಉರೀಲತ್ತದ,
ಯಾರು ಫ್ರಿಜ್ ಮಾರಿದರು, ಮಾರಿ ಯಾರಿಗೂ ಹೇಳಿಲ್ಲ.
ತಿಳೀಲಿ. ಬಾಯಾಗ ಬರಬಾರದು.

ಶಹಾಬಜಾರದಾಗ ಮಾಳಗಿ ಮ್ಯಾಲ ಒಂದು ಖೋಲಿ ಇತ್ತು,
ಬಾಡಗಿಗೆ ಜಗದೇವಿ, ಒಬ್ಬಾಕೇ.
“ಒಬ್ಬಾಕಿಗೆ ಇಷ್ಟು ಯುನಿಟ್ಟ?
ರಾತ್ರಿ ಏನು ಮಾಡ್ತಾಳಂತೀನಿ”
ಅಂತ ಕೇಳಿದ ಮಾಲಕ ರಾಚೋಟಪ್ಪ, ಹಲ್ಲು ಕಡ್ಡಿ ಆಡಿಸ್ಕೋಂತ.
ಆಕಿ ಏನು ಮಾಡ್ತಾಳಂತ ನನಗ ಗೊತ್ತಿತ್ತು.
ಮೆಟ್ಟಲ ಮ್ಯಾಲ ನೀಲಿ ದಾರದ ಚೂರು,
ಜೂನ್ ತಿಂಗಳ, ಸಾಲಿ ಚಡ್ಡಿ, ಮೋಟರ್ ಮಷೀನ್.
ಹೇಳಿದ್ರ ಧಂದೆ ಅಂತ ಬಾಡಗಿ ಏರಸ್ತಾನ,
ಹೇಳದಿದ್ರ ಮತ್ತೇನರ ಅಂತಾನ.
“ಮೀಟರೇ ಸರಿ ಇಲ್ಲರಿ, ಜೋರ್ ಓಡತದ” ಅಂದೆ.
ಜಾಣ ಆದೆ ಅಂತ ಛಾ ಕುಡದೆ ಆ ದಿನ.

ರಾಚೋಟಪ್ಪ ಅರ್ಜಿ ಕೊಟ್ಟ, ಮೀಟರ್ ಬದಲಾಯಿತು,
ಅದರ ರೊಕ್ಕ ಆಕಿ ಬಾಡಗಿಗೆ ಕೂಡಸಿದ.
ಹೊಸಾದೂ ಅಷ್ಟೇ ಓಡಿತು.
ದಸರಾಕ್ಕ ಹೋದಾಗ ಕೀಲಿ.
ಬಾಗಿಲು ಬಂದ್ ಅಂತ ಮಷೀನಿಗೆ ಒತ್ತಿದೆ,
ದಾರದ ಚೂರು ಮೆಟ್ಟಲ ಸಂದ್ಯಾಗ ಇನ್ನೂ ಇತ್ತು.

ಏನನ್ನಬೇಕಿತ್ತು ನಾ?
“ಗೊತ್ತಿಲ್ಲರಿ” ಅಂದಿದ್ರ ಸಾಕಿತ್ತೇನೋ.
ಸಾಕಿರಲಿಲ್ಲೇನೋ.
ಹತ್ತೊಂಬತ್ತು ವರ್ಷದಾಗ ಕಲೀಲಾರದ್ದು ಇದೊಂದು,
ನೀ ಕಲತರ ನನಗ ಹೇಳು.

ತಗೋ, ಮಷೀನ್. ರಾತ್ರಿ ಚಾರ್ಜಿಗೆ ಹಾಕು.
ಕಾಗದದ ರೋಲು ಹೊರಗಿಡಬ್ಯಾಡ ಮತ್ತ,
ನಮ್ಮ ಮೇ ತಿಂಗಳದಾಗ ಅದು
ಏನೂ ಬರೀಲಾರದೇ ಕರ್ರಗಾಗ್ತದ.
ಚೀಲದ ತಳದಾಗ, ನೀರಿನ ಬಾಟ್ಲಿ ಬಾಜು ಇಡು.