ಹತ್ತಕ್ಕೆ ಮೂರು

ಈ ಸಲವೂ ಹತ್ತಕ್ಕೆ ಮೂರೇ ಕೊಟ್ಟಿದ್ದಾನೆ ತೌನೋ.
ಸೂಪು ಆರಿತ್ತು. ಹದಿನಾಲ್ಕನೇ ಕೋಣೆಯ ಕಿಟಕಿ
ರಾತ್ರಿಯೆಲ್ಲ ಹಲ್ಲು ಕಡಿಯಿತು.
ದಿಂಬೋ, ದೇವರೇ, ದಿಂಬು.
ಕೆಳಗೆ ಅದೇ ಪೆನ್ನಲ್ಲಿ, ಅದೇ ಸಿಡುಕಿನ ಅಕ್ಷರದಲ್ಲಿ:
ಬರುವ ಮಾರ್ಚಿಗೆ ಹತ್ತು ದಿನ, ಅದೇ ಕೋಣೆ.

ಹೊಸ ಮ್ಯಾನೇಜರ್ ಕೈರಿತ್, ಟಾಲಿನ್‌ನಿಂದ ಬಂದವಳು,
ಕಾಗದವನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ
ಕಳ್ಳನೋಟು ನೋಡುವ ಹಾಗೆ.
ಮಾಯ್ಮು, ಹತ್ತೊಂಬತ್ತು ವರ್ಷದಿಂದ ಈ ಮನುಷ್ಯ
ಯಾಕೆ ಬರುತ್ತಿದ್ದಾನೆ?
ನನಗೇನು ಗೊತ್ತು, ನಾನು ಕೆಸರು ಹಚ್ಚುವವಳು.

ಹಾಪ್ಸಾಲು ಕೊಲ್ಲಿಯ ತಳದ ಕಪ್ಪು ಕೆಸರು,
ಕೊಳೆತ ಮೊಟ್ಟೆಯ ವಾಸನೆ, ನಲವತ್ತು ಡಿಗ್ರಿ.
ಕತ್ತಿನವರೆಗೆ ಬಳಿದು, ಹಾಳೆ ಸುತ್ತಿ, ಕಂಬಳಿ ಬಿಗಿದರೆ
ರಾಜನಾದರೂ ಬಟ್ಟೆಯಲ್ಲಿ ಸುತ್ತಿದ ಕೂಸು.
ಇಪ್ಪತ್ತು ನಿಮಿಷ.

ಮೊದಲ ವರ್ಷ, ಹೆಲ್ಸಿಂಕಿಯಲ್ಲಿ ಟ್ರಾಮ್ ಓಡಿಸಿ ಓಡಿಸಿ
ಸೊಂಟ ಕಳೆದುಕೊಂಡು ಬಂದವನು.
ಮೂಗಿನ ತುದಿಯಲ್ಲೇ ಸಿಟ್ಟು.
ಆ ತುದಿಯೇ ತುರಿಸಿತು, ಏಳನೇ ನಿಮಿಷಕ್ಕೆ.
ಕೈ ಒಳಗಿದೆ. ಕೇಳಲು ನಾಚಿಕೆ.
ಹುಬ್ಬು ಗಂಟಾಯಿತು,
ಕೆಳತುಟಿ ಚಾಚಿ ಮೇಲಕ್ಕೆ ಗಾಳಿ ಊದಿ ನೋಡಿದ.
ನಾನು ಕಿರುಬೆರಳು ಒರೆಸಿಕೊಂಡು
ಉಗುರ ತುದಿಯಿಂದ ಒಮ್ಮೆ ಕೆರೆದು
ಬಾಲ್ದಿ ತೊಳೆಯಲು ಹೋದೆ.
ಅವನ ಭಾಷೆ ನನಗೆ ಅರ್ಧ, ನನ್ನದು ಅವನಿಗೆ ಅರ್ಧ;
ಎರಡರ್ಧ ಕೂಡಿದರೂ ಒಂದಾಗದ ಲೆಕ್ಕ ಅದು.

ಈಗ ತುರಿಕೆ ಇರಲಿ ಇಲ್ಲದಿರಲಿ
ಏಳನೇ ನಿಮಿಷಕ್ಕೆ ಕಣ್ಣು ಮುಚ್ಚಿ, ಗದ್ದ ಎತ್ತಿ
ಮೂಗು ಮುಂದೆ ಮಾಡುತ್ತಾನೆ.
ಹೆಂಡತಿ ತೀರಿಕೊಂಡ ವರ್ಷ
ಹನ್ನೆರಡನೇ ನಿಮಿಷಕ್ಕೂ.

ಕೈರಿತಳ ಯಾವ ಚೌಕದಲ್ಲಿ ಇದನ್ನು ಗುರುತು ಹಾಕಲಿ?
ಮಣ್ಣಿನ ಋಣ ಅನ್ನಲೇ?
ಬೆನ್ನಿಂದ ತೊಳೆದ ಮಣ್ಣನ್ನು ಸಂಜೆಗೆ ಕೊಲ್ಲಿಗೇ ಬಿಡುತ್ತೇವಲ್ಲ.

ಅವಳು ಅವನಿಗೊಂದು ಬಂಗಾರಬಣ್ಣದ ಕಾರ್ಡು ಕೊಟ್ಟಳು,
ಹತ್ತು ಸಲ ಬಂದವರಿಗೆ ಒಂದು ಮಸಾಜು ಪುಕ್ಕಟೆ.
ಅವನು ಮಡಿಸಲು ನೋಡಿದ, ಮಡಿಯಲಿಲ್ಲ,
ಕಿಟಕಿಯ ಸಂದಿಗೆ ತುರುಕಿದ.
ಆ ರಾತ್ರಿ ಕಿಟಕಿ ಗಪ್‌ಚುಪ್.
ಬೆಳಿಗ್ಗೆ ಕೆಂಗಣ್ಣು ಬಿಟ್ಟುಕೊಂಡು ಬಂದ:
ನಿದ್ದೆಯೇ ಬರಲಿಲ್ಲ.

ಮುಂದಿನ ವಾರ ಬಡಗಿ ಕಾಲ್ಯು ಬರುತ್ತಾನಂತೆ
ಕಿಟಕಿಗಳನ್ನೆಲ್ಲ ಬದಲಿಸಲು.
ಹದಿಮೂರು ಮುಗಿಸಿ ಊಟಕ್ಕೆ ಬಾ ಎಂದಿದ್ದೇನೆ,
ಹೊಗೆಯಲ್ಲಿ ಸುಟ್ಟ ಮೀನು ತರುತ್ತೇನೆ ಮನೆಯಿಂದ.
ಕೈ ತೊಳೆದ ಮೇಲೆ
ನೆಟ್ಟಗೆ ಹದಿನೈದಕ್ಕೆ.