ನಾದದ ಹಿಟ್ಟು

ಮೂವತ್ತೊಂದು ವರ್ಷ ಮೈದಾ ನಾದಿದ ಕೈ ಇದು.
ಮಾಗಡಿ ರಸ್ತೆಯ ಬೇಕರಿಯ ಹಿಂಬದಿಯಲ್ಲಿ
ಮೂಟೆ ಬಿಚ್ಚಿ, ಹಲಗೆಗೆ ಸುರಿದು,
ಎಳೆದರೆ ಬರಬೇಕು, ಬಿಟ್ಟರೆ ಹೋಗಬೇಕು,
ಮಗುವಿನ ಕಿವಿಯ ಹಾಲೆಯಷ್ಟು ಮೆತ್ತಗಾದಾಗ ನಿಲ್ಲಿಸಬೇಕು.
ಇಷ್ಟೇ ನನ್ನ ವಿದ್ಯೆ.

ರಾತ್ರಿ ಬರುವಾಗ ಬಟ್ಟೆಚೀಲದಲ್ಲಿ ಬ್ರೆಡ್ಡಿನ ತುದಿಗಳು,
ಗಿರಾಕಿಗೆ ಬೇಡದ, ಕೆಂಪಗೆ ಸುಟ್ಟ ತುದಿ.
ಸರ್ವಮಂಗಳಂಗೆ ಅದೇ ಇಷ್ಟ ಅಂತ ಯಾರು ಹೇಳಿದರೋ,
ನಾನೇ ಹೇಳಿಕೊಂಡಿರಬೇಕು.
ಕಾಫಿಗೆ ಅದ್ದಿ ತಿನ್ನುತ್ತಿದ್ದಳು.
ಆಮೇಲೆ ನಡುರಾತ್ರಿ ಅಡುಗೆಮನೆಯಲ್ಲಿ
ಜೀರಿಗೆ ಡಬ್ಬಿಯ ಮುಚ್ಚಳ ಟಣ್ ಅನ್ನುತ್ತಿತ್ತು.
ಗ್ಯಾಸು ರೀ, ನೀವು ಮಲಗಿ, ಅನ್ನುತ್ತಿದ್ದಳು.
ನಾನು ಮಲಗುತ್ತಿದ್ದೆ.

ಹೋದ ಆಷಾಢದಲ್ಲಿ ಡಾಕ್ಟರು ಕಾಗದ ತಿರುಗಿಸಿ ತೋರಿಸಿದರು.
ಗೋಧಿಯೊಳಗಿನ ಅಂಟು ಇವರ ಕರುಳಿಗೆ ಆಗುವುದಿಲ್ಲ;
ಚಪಾತಿ, ರವೆ, ಬ್ರೆಡ್ಡು, ಶಾವಿಗೆ, ಒಂದು ಚೂರೂ ಬೇಡ.
ಎಷ್ಟು ವರ್ಷದಿಂದ ನೋವು?
ಅವಳು ನನ್ನ ಮುಖ ನೋಡಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡಿದಳು.
ನಾನು ನನ್ನ ಕೈ ನೋಡಿಕೊಂಡೆ.
ಉಗುರಿನ ಸಂದಿಯಲ್ಲಿ ಬಿಳಿ.

ಅಂದಿನಿಂದ ನಮ್ಮ ಮನೆಗೊಂದು ಹೊಸ ಮಡಿ.
ಅಜ್ಜಿಯ ಮಡಿಗೆ ನಗುತ್ತಿದ್ದವನು ನಾನು,
ಈಗ ಬಾಗಿಲಲ್ಲೇ ಅಂಗಿ ಬಿಚ್ಚಿ, ತಲೆಗೆ ನೀರು ಸುರಿದು,
ಕಿವಿಯ ಸುಳಿಯೊಳಗಿನ ಮೈದಾ ತೊಳೆದು ಒಳಗೆ ಬರುತ್ತೇನೆ.
ಜರಡಿ ಹೊಸದು, ಮರದ ಸೌಟು ಹೊಸದು;
ಲಟ್ಟಣಿಗೆ ಕೆಳಗಿನ ಮನೆಯ ನಸೀಮಾಗೆ ಹೋಯಿತು.

ಬ್ರೆಡ್ಡಿನ ಆಸೆ ಮಾತ್ರ ಹೋಗಿಲ್ಲ, ಎಂದಳು ಒಂದು ದಿನ
ಅಕ್ಕಿ ಆರಿಸುತ್ತಾ, ಅಕ್ಕಿಗೆ ಹೇಳುವಂತೆ.

ಓಟ್ಸ್ ತಂದೆ. ಸಿಕ್ಕ ಸಿಕ್ಕ ಓಟ್ಸ್ ಅಲ್ಲ,
ಗೋಧಿ ಸೋಕಿಲ್ಲವೆಂದು ಪೊಟ್ಟಣದ ಮೇಲೆ ಬರೆದದ್ದು.
ಬೆಲೆ ಕೇಳಿ ಅಂಗಡಿಯವನನ್ನು ಎರಡು ಸಲ ನೋಡಿದೆ.
ಮಿಕ್ಸಿಗೆ ಹಾಕಿ ಪುಡಿ. ಎರಡು ಚಮಚ ಇಸಬ್ಗೋಲು,
ಮೆಡಿಕಲ್ ಶಾಪಿನ ಹುಡುಗ ಕನಿಕರದಿಂದ ಕಟ್ಟಿಕೊಟ್ಟ.
ಉಪ್ಪು, ಈಸ್ಟು, ಚೂರು ಬೆಲ್ಲ, ಉಗುರುಬೆಚ್ಚನೆ ನೀರು.
ಆಮೇಲೆ ಕೈ ಹಾಕಿದೆ.

ಏನೂ ಇಲ್ಲ.
ಎಳೆದರೆ ಬರುವುದಿಲ್ಲ, ಒತ್ತಿದರೆ ಎದುರಾಡುವುದಿಲ್ಲ,
ಒದ್ದೆ ಮಣ್ಣಿನ ಹಾಗೆ ಬೆರಳಿಗೆ ಮೆತ್ತಿ ಸುಮ್ಮನಿದೆ.
ಇಷ್ಟು ವರ್ಷ ನಾನು ಮಾತಾಡಿಸಿದ್ದು ಅಂಟನ್ನು,
ಹಿಟ್ಟನ್ನಲ್ಲ ಅಂತ ಅವತ್ತು ಗೊತ್ತಾಯಿತು.
ನಾದಬೇಡಿ, ಎಂದಳು ಬಾಗಿಲಿಗೆ ಒರಗಿ,
ಇಡ್ಲಿ ಹಿಟ್ಟಿನ ಥರ ಕಲಸಿ ಬಿಟ್ಟುಬಿಡಿ. ಅದಕ್ಕೆ ಗೊತ್ತು.

ಮೊದಲನೆಯದು ಇಟ್ಟಿಗೆ.
ಗಾಳಿಗೆ ಬಡಿಯುವ ಬಾಗಿಲಿಗೆ ಒತ್ತು ಕೊಟ್ಟು ನಕ್ಕಳು.
ಎರಡನೆಯದು ಬೇಯುವಾಗ ಕರೆಂಟು ಹೋಯಿತು;
ಎದುರಿನ ಲೇತ್ ಶೆಡ್ಡೂ ನಿಂತು
ಕಾಮಾಕ್ಷಿಪಾಳ್ಯದಲ್ಲಿ ಎಂದೂ ಇಲ್ಲದ ಮೌನ.
ಓವನ್ನಿನ ಗಾಜಿಗೆ ಟಾರ್ಚು ಹಿಡಿದು, ನೆಲಕ್ಕೆ ಕೂತು,
ಅದು ಕುಸಿಯುವುದನ್ನು ಇಬ್ಬರೂ ನೋಡಿದೆವು.
ಮೂರನೆಯದರ ಮಾತು ಬೇಡ.

ನಾಲ್ಕನೆಯ ಭಾನುವಾರ
ಒದ್ದೆ ಬಟ್ಟೆ ಮುಚ್ಚಿ ಒಂದು ಗಂಟೆ ಬಿಟ್ಟೆ.
ಕೈ ಸುಮ್ಮನಿರಲಿಲ್ಲ; ಬಿಡಿಸಲು ಅವರೆಕಾಯಿ ಕೊಟ್ಟಳು.
ಐವತ್ತು ನಿಮಿಷ ಬೆಂದು ಬಂತು:
ಕುಳ್ಳು, ಕಂದು, ನೆತ್ತಿಯಲ್ಲಿ ಬಿರುಕು,
ಬೇಕರಿಯಲ್ಲಾಗಿದ್ದರೆ ಮಾಲೀಕ ನನ್ನ ಮುಖಕ್ಕೆ ಎಸೆಯುತ್ತಿದ್ದ.
ಆರುವ ತನಕ ಕೊಯ್ಯಬಾರದು ಎಂದು ನಾನೇ ಹೇಳಿ
ನಾನೇ ತಡೆಯಲಾರದೆ ಕೊಯ್ದೆ.

ತುದಿ ಹಿಡಿದು ಅವಳ ಕಡೆ ಹೊರಟ ಕೈ ಅಲ್ಲೇ ನಿಂತಿತು.
ಅದನ್ನು ಬದಿಗಿಟ್ಟು ನಡುವಿನ ಹೋಳು ಕೊಟ್ಟೆ.
ಕಾಫಿಗೆ ಅದ್ದಿದಳು. ಅರ್ಧ ಮುರಿದು ಲೋಟದೊಳಗೆ ಬಿತ್ತು.
ಚಮಚದಲ್ಲಿ ಎತ್ತಿ ತಿಂದಳು.
ಉಪ್ಪು ಕಮ್ಮಿ, ಎಂದಳು.
ಸ್ವಲ್ಪ ಹೊತ್ತು ಬಿಟ್ಟು,
ನಂಗೆ ತುದಿಯೇ ಇಷ್ಟ ರೀ. ಕೊಡಿ ಇಲ್ಲಿ.

ಆ ರಾತ್ರಿ ನಾನು ಮಲಗಲಿಲ್ಲ.
ಒಂದೂವರೆ. ಎರಡು.
ಮುಖ್ಯರಸ್ತೆಯಲ್ಲಿ ಲಾರಿ ಹೋದಾಗ
ಅಡುಗೆಮನೆಯ ಡಬ್ಬಿಗಳು ಸಣ್ಣಗೆ ನಡುಗಿದವು. ಕಿವಿಗೊಟ್ಟೆ.
ಮುಚ್ಚಳ ಯಾವುದೂ ತೆರೆಯಲಿಲ್ಲ.
ಪಕ್ಕದಲ್ಲಿ ಅವಳ ಉಸಿರು
ಉಬ್ಬುತ್ತಿತ್ತು, ಇಳಿಯುತ್ತಿತ್ತು,
ಯಾರೂ ನಾದದೆ.